ಆರ್‌ಸಿ ಕಾರಿನ ಚಕ್ರ ಸಡಿಲವಾಗದಂತೆ ಕೂರಿಸುವುದು: ಮೊದಲು ಪಿನ್, ಆಮೇಲೆ ಹೆಕ್ಸ್, ನಟ್ ಕೊನೆಗೆ

1/10 ಅಳತೆಯ (ನಿಜ ಕಾರಿನ ಹತ್ತನೇ ಒಂದರಷ್ಟು) ಆರ್‌ಸಿ, ಅಂದರೆ ರಿಮೋಟ್‌ನಿಂದ ಓಡಿಸುವ ಆಟದ ಕಾರಿನಲ್ಲಿ ಚಕ್ರ ಅಲ್ಲಾಡಿದರೆ ಎಲ್ಲರ ಕೈಯೂ ಮೊದಲು ಹೋಗುವುದು ನಟ್ಟಿಗೆ. ಇನ್ನರ್ಧ ಸುತ್ತು ಬಿಗಿ ಮಾಡಿ, ಸರಿಹೋಯಿತು ಅಂದುಕೊಳ್ಳುತ್ತಾರೆ. ಆದರೆ ಚಕ್ರವನ್ನು ತಿರುಗಿಸುವುದು ನಟ್ ಅಲ್ಲ. ಆಕ್ಸಲ್‌ಗೆ ಅಡ್ಡಲಾಗಿ ತೂರಿಸಿದ 2 ಮಿ.ಮೀ. ಪಿನ್, ಅದರ ಮೇಲೆ ಕೂರುವ 12 ಮಿ.ಮೀ. ಹೆಕ್ಸ್ (ಆರು ಮೂಲೆಯ ಬಿಲ್ಲೆ), ಆ ಹೆಕ್ಸ್ ಹೋಗಿ ಕೂರುವ ರಿಮ್ಮಿನ ಗುಳಿ, ಮೋಟರಿನ ಬಲ ನೆಲಕ್ಕೆ ಮುಟ್ಟುವ ದಾರಿ ಇದು. ನಟ್ಟಿನ ಕೆಲಸ ಇವನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವುದಷ್ಟೆ. ಅದಕ್ಕೇ ನಾನು ಒಳಗಿನಿಂದ ಹೊರಗೆ ನೋಡುತ್ತಾ ಬರುತ್ತೇನೆ.

ದೋಷ ಎಲ್ಲಿದೆ ಎಂದು ತಿಳಿಯುವುದು ಸುಲಭ. ಒಳಗಡೆಯ ಡ್ರೈವ್ ಶಾಫ್ಟನ್ನು ಬೆರಳಿನಲ್ಲಿ ಗಟ್ಟಿಯಾಗಿ ಹಿಡಿದು ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ, ಆಕ್ಸಲ್‌ನ ತುದಿ ನೋಡಿ. ಚಕ್ರ ಅಲುಗಿ ಆಕ್ಸಲ್ ತುದಿ ಅಲುಗದಿದ್ದರೆ ಪ್ಲೇ (ಸಡಿಲು) ಇರುವುದು ಪಿನ್, ಹೆಕ್ಸ್ ಅಥವಾ ರಿಮ್ಮಿನಲ್ಲಿ. ಈ ಪ್ಲೇ ಇರುವವರೆಗೆ ನಟ್ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಎರಡು ಬದಿಗೂ ಥ್ರೆಡ್ ಒಂದೇ ದಿಕ್ಕಿನದು. ಥ್ರಾಟಲ್ ಕೊಟ್ಟಾಗ ಒಂದು ಬದಿಯ ನಟ್ಟನ್ನು, ಬ್ರೇಕ್ ಹಿಡಿದಾಗ ಇನ್ನೊಂದು ಬದಿಯದನ್ನು ಚಕ್ರವೇ ಬಿಚ್ಚುವ ಕಡೆಗೆ ಎಳೆಯುತ್ತಿರುತ್ತದೆ.

ಪಿನ್ ಅನ್ನು ಹೊರತೆಗೆದು ಗಾಜಿನ ಮೇಲೆ ಉರುಳಿಸಿ ನೋಡಿ. ಬಾಗಿದ್ದರೆ ಕುಂಟುತ್ತದೆ. ಉದ್ದ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು. ತುದಿಗಳು ಹೆಕ್ಸ್‌ನ ಸೀಳಿನ ಒಳಗೇ ಇರಬೇಕು, ಎರಡು ಬದಿಯೂ ಸಮನಾಗಿರಬೇಕು. ಉದ್ದ ಹೆಚ್ಚಾದರೆ ಹೆಕ್ಸ್ ರಿಮ್ಮಿನಲ್ಲಿ ಪೂರ್ತಿ ಕೂರುವುದಿಲ್ಲ. ಕಡಿಮೆಯಾದರೆ ಸೀಳನ್ನು ತಿನ್ನುತ್ತದೆ. ಬದಲಿಗೆ ಮೊಳೆ ಕತ್ತರಿಸಿ ಹಾಕುವುದು ಬೇಡ, ಮೆತ್ತನೆಯ ಕಬ್ಬಿಣ ಬೇಗ ಬಾಗುತ್ತದೆ. ಬೇರಿಂಗ್ ಅಂಗಡಿಯಲ್ಲಿ ಸಿಗುವ 2 ಮಿ.ಮೀ. ನೀಡಲ್ ರೋಲರ್ (ಬೇರಿಂಗ್ ಒಳಗಿನ ಸಣ್ಣ ಕಡ್ಡಿ) ಗಟ್ಟಿ ಉಕ್ಕಿನದು, ಚೆನ್ನಾಗಿ ಬಾಳುತ್ತದೆ. ಚಕ್ರ ಬಿಚ್ಚಿದ ಕೂಡಲೇ ಪಿನ್ ಹುಲ್ಲಿನಲ್ಲಿ ಮಾಯವಾಗುವ ಕಾಟ ಗೊತ್ತಿದ್ದದ್ದೇ. ರಂಧ್ರಕ್ಕೆ ಚಿಟಿಕೆ ಗ್ರೀಸ್ ಹಚ್ಚಿದರೆ ಅಂಟಿಕೊಂಡಿರುತ್ತದೆ.

ನಟ್ ಬಿಗಿದಾಗ ರಿಮ್ ಹೆಕ್ಸನ್ನು ಒತ್ತುತ್ತದೆ, ಹೆಕ್ಸ್ ಪಿನ್ನಿನ ಮೇಲೆ ಒತ್ತುತ್ತದೆ. ಪ್ಲಾಸ್ಟಿಕ್ ಹೆಕ್ಸ್ ಆದರೆ ಅತಿಯಾದ ಬಿಗಿತಕ್ಕೆ ಸೀಳು ಆಳವಾಗುತ್ತಾ ಹೋಗಿ, ಒಂದು ದಿನ ಹೆಕ್ಸ್ ಹೋಗಿ ಒಳಬದಿಯ ಬೇರಿಂಗ್‌ಗೇ ತಾಗುತ್ತದೆ. ಆಗ ಚಕ್ರ ಬಿಗಿಯೂ ಇರುತ್ತದೆ, ಸಲೀಸಾಗಿ ಸುತ್ತುವುದೂ ಇಲ್ಲ. ಜನ ಬೇರಿಂಗ್ ಹಾಳಾಯಿತು ಎಂದು ಬೇರಿಂಗ್ ಬದಲಾಯಿಸುತ್ತಾರೆ, ಬದಲಾಯಿಸಬೇಕಾದ್ದು ಹೆಕ್ಸ್. ಆಕ್ಸಲ್ ಒಳಗೆ ಹೊರಗೆ ಜಾಸ್ತಿ ಜಾರುತ್ತಿದ್ದರೆ ಬೇರಿಂಗ್ ಪಕ್ಕ 5×7×0.2 ಮಿ.ಮೀ. ಶಿಮ್ (ತೆಳು ವಾಷರ್) ಒಂದು ಸಾಕು. ಕೂದಲೆಳೆಯಷ್ಟು ಪ್ಲೇ ಉಳಿಸಲೇಬೇಕು.

ಬ್ರಶ್‌ಲೆಸ್ ಮೋಟರ್ ಇರುವ ಗಾಡಿಗೆ ನಾನು ಅಲ್ಯೂಮಿನಿಯಂ ಕ್ಲ್ಯಾಂಪ್ ಹೆಕ್ಸ್ (ಸ್ಕ್ರೂ ಬಿಗಿದು ಆಕ್ಸಲ್ಲನ್ನು ಹಿಡಿಯುವಂಥದ್ದು) ಹಾಕುತ್ತೇನೆ. ಅದರ ಬದಿಯಲ್ಲಿ M2 ಅಥವಾ M2.5 ಸ್ಕ್ರೂ ಇರುತ್ತದೆ (ಅಲೆನ್ ಕೀ 1.5 ಅಥವಾ 2 ಮಿ.ಮೀ.). ಹೆಕ್ಸನ್ನು ಪಿನ್ನಿನ ಮೇಲೆ ಪೂರ್ತಿ ಒತ್ತಿ ಹಿಡಿದು, ಆಮೇಲೆ ಸ್ಕ್ರೂ ತಿರುಗಿಸಬೇಕು. ಕ್ರಮ ತಪ್ಪಿದರೆ ಹೆಕ್ಸ್ ಓರೆಯಾಗಿ ಹಿಡಿದುಕೊಳ್ಳುತ್ತದೆ, ಚಕ್ರ ಓಲಾಡುತ್ತದೆ. ಅಲ್ಯೂಮಿನಿಯಂನಲ್ಲಿ ಥ್ರೆಡ್ ಹೋಗುವುದು ಕ್ಷಣದ ಕೆಲಸ. ಎರಡು ಬೆರಳಿನ ಬಲ ಮೀರಬೇಡಿ. ದಪ್ಪ ಮಾತ್ರ ಹಳೆಯದರಷ್ಟೇ ಇರಲಿ. 6 ಮಿ.ಮೀ. ಜಾಗಕ್ಕೆ 8 ಮಿ.ಮೀ. ಹಾಕಿದರೆ ನಟ್ಟಿಗೆ ಸಿಗುವ ಥ್ರೆಡ್ 2 ಮಿ.ಮೀ. ಕಡಿಮೆಯಾಗುತ್ತದೆ.

ನಟ್ ಹೆಚ್ಚಾಗಿ M4 ನೈಲಾಕ್ (ಒಳಗೆ ನೈಲಾನ್ ಬಳೆ ಇರುವ ನಟ್), ಅದಕ್ಕೆ 7 ಮಿ.ಮೀ. ಬಾಕ್ಸ್ ಸ್ಪ್ಯಾನರ್. ನೈಲಾನ್ ಬಳೆ ದಾಟಿ ಕನಿಷ್ಠ ಒಂದು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಹಾಗಿಲ್ಲದಿದ್ದರೆ ನೈಲಾಕ್ ಇದ್ದೂ ಇಲ್ಲದ ಹಾಗೆ. ಬರಿ ಬೆರಳಿನಲ್ಲಿ ಕೊನೆಯವರೆಗೆ ತಿರುಗುವ ನೈಲಾಕ್ ಎಸೆಯಲು ಲಾಯಕ್ಕು. ಚಕ್ರದ ಅಲುಗಾಟ ನಿಂತ ಮೇಲೆ ಎಂಟನೇ ಒಂದು ಸುತ್ತು, ಅಲ್ಲಿಗೆ ನಿಲ್ಲಿಸುತ್ತೇನೆ. ಎಲೆಕ್ಟ್ರಿಕ್ ಡ್ರಿಲ್ ಬಳಸಿದರೆ ಉಜ್ಜುವ ಬಿಸಿಗೆ ನೈಲಾನ್ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹೊಸ ಪ್ಲಾಸ್ಟಿಕ್ ರಿಮ್ ಒತ್ತಡಕ್ಕೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಮೊದಲ ಬ್ಯಾಟರಿ ಮುಗಿದ ಕೂಡಲೇ ಮತ್ತೆ ಬಿಗಿ ನೋಡಬೇಕು. ನಟ್ ಮತ್ತು ಆಕ್ಸಲ್ ತುದಿಗೆ ಸೇರಿ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದಿದೆಯೇ ಎಂದು ನೋಡಿದರಾಯಿತು.

ನೈಲಾಕ್‌ಗೆ ಥ್ರೆಡ್‌ಲಾಕ್ (ಥ್ರೆಡ್ ಬಿಚ್ಚಿಕೊಳ್ಳದಂತೆ ಹಿಡಿಯುವ ಅಂಟು) ಹಾಕಬೇಡಿ. ಬೇಕಾಗಿಲ್ಲ, ಮೇಲಾಗಿ ಆ ದ್ರವ ಸೋಕಿದರೆ ಎಬಿಎಸ್, ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್‌ಗಳು ಬಿರುಕು ಬಿಡುತ್ತವೆ. ಅದರ ಜಾಗ ಲೋಹಕ್ಕೆ ಲೋಹ ಕೂಡುವಲ್ಲಿ: ಕ್ಲ್ಯಾಂಪ್ ಸ್ಕ್ರೂ, ಮತ್ತು ಮುಖ್ಯವಾಗಿ 1/8 ಬಗ್ಗಿಗಳ 17 ಮಿ.ಮೀ. ಹೆಕ್ಸ್‌ನಲ್ಲಿ ಪಿನ್ ಹಿಡಿದಿಡುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ). ಅದು ಬಿದ್ದರೆ ಪಿನ್ ಜಾರಿ, ಹೊರಗಿನ ದೊಡ್ಡ ನಟ್ ಬಿಗಿಯಾಗೇ ಇದ್ದರೂ ಆಕ್ಸಲ್ ಸುಮ್ಮನೆ ಒಳಗೇ ತಿರುಗುತ್ತದೆ. ಎಣ್ಣೆ ಜಿಡ್ಡಿದ್ದರೆ ಥ್ರೆಡ್‌ಲಾಕ್ ಹಿಡಿಯುವುದಿಲ್ಲ. ಸ್ಕ್ರೂ, ರಂಧ್ರ ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒಣಗಿಸಿ. ನೀಲಿ ಬಣ್ಣದ್ದು ಒಂದೇ ಹನಿ, ಬಿಗಿದ ಮೇಲೆ 24 ಗಂಟೆ ಗಾಡಿ ಮುಟ್ಟಬೇಡಿ. ಕೆಂಪು ಬೇಡವೇ ಬೇಡ, ಅದನ್ನು ಬಿಡಿಸಲು ಬೇಕಾಗುವ ಕಾವಿಗೆ ಪಕ್ಕದ ಬೇರಿಂಗ್‌ನ ರಬ್ಬರ್ ಸೀಲ್ ಉಳಿಯುವುದಿಲ್ಲ.

ನೀಲಿಯದು ಕೂಡ ಕೆಲವೊಮ್ಮೆ ಹಟ ಹಿಡಿಯುತ್ತದೆ. ಬಲ ಹಾಕಿ ಅಲೆನ್ ಗುಳಿಯನ್ನು ದುಂಡಗೆ ಮಾಡಿಕೊಳ್ಳುವ ಮೊದಲು ಸೋಲ್ಡರಿಂಗ್ ಐರನ್ನಿನ ತುದಿಯನ್ನು ಗ್ರಬ್ ಸ್ಕ್ರೂ ಒಳಗೆ ಒಂದು ನಿಮಿಷ ಇಟ್ಟು, ಬಿಸಿ ಇರುವಾಗಲೇ ಸವೆಯದ ಕೀ ಹಾಕಿ ತಿರುಗಿಸಿ.