ಜೋಳದ ದಂಟು ಹಿಡಿದು ಕಲಿಯೋಣ: ಅಂಗನವಾಡಿಗೆ ಎರಡು-ಮೂರು ವಾರದ ಒಂದೇ ವಿಷಯ

ಯಲಬುರ್ಗಾ ಕಡೆಯ ಎರೆಹೊಲದ ಊರೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. 3ರಿಂದ 6 ವರ್ಷದ ಮಕ್ಕಳಿಗೆ ಒಂದು ವಿಷಯವನ್ನು ಕೈಯಿಂದ ಮುಟ್ಟಿಸಿ, ಮೂಸಿಸಿ, ಬಿಡಿಸಿ, ಬೇಯಿಸಿ ಕಲಿಸುವುದು ಹೇಗೆ ಅಂತ ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ. ಮಗು ಮನೆಯಲ್ಲಿ ದಿನಾ ನೋಡುವ ವಸ್ತುವನ್ನೇ ತಗೊಳ್ಳಿ. ಅದನ್ನು ಒಂದು ದಿನಕ್ಕೆ ಮುಗಿಸಬೇಡಿ, ಎರಡು-ಮೂರು ವಾರ ಅದರ ಜೊತೆಗೇ ಇರಿ. ಚಿತ್ರದ ಚಾರ್ಟು ಕೊನೆಗೆ ಬರಲಿ. ನಾನು ಹೇಳುವುದು ಇಷ್ಟೇ.

ನನ್ನ ವಿಷಯ ಬಿಳಿಜೋಳ. ನಮ್ಮಲ್ಲಿ ಹಿಂಗಾರಿ ಜೋಳ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಎಳ್ಳಮಾವಾಸ್ಯೆ ಹೊತ್ತಿಗೆ ಅದು ಆಳೆತ್ತರ ನಿಂತಿರುತ್ತದೆ, ತೆನೆ ಕಾಳು ಕಟ್ಟುತ್ತಿರುತ್ತದೆ. ಅಲ್ಲಿಂದ ಎರಡು ವಾರ ಚಿಲ್ಲರೆಗೆ ಕೊಪ್ಪಳದ ಗವಿಮಠದ ಜಾತ್ರೆ. ಅಮಾವಾಸ್ಯೆಗೆ ಶುರು ಮಾಡಿ ಜಾತ್ರೆಗೆ ಮುಗಿಸಿದರೆ ಸರಿಯಾಗಿ ಕೂರುತ್ತದೆ. ಗಂಗಾವತಿ, ಸಿಂಧನೂರು ಕಡೆ ಇರುವವರು ಭತ್ತ ತಗೊಳ್ಳಿ. ಊರಿನ ಬೆಳೆ ಯಾವುದೋ ಅದು.

ಶುರು ಮಾಡಲು ಅಮಾವಾಸ್ಯೆಯ ಮರುದಿನಕ್ಕಿಂತ ಒಳ್ಳೆ ದಿನ ಇಲ್ಲ. ಹಿಂದಿನ ದಿನ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಬೆಳೆಗೆ ಎಡೆ ಅಂತ ಅಡುಗೆ ಎರಚಿ), ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬಂದಿರುತ್ತಾರೆ. ಮಕ್ಕಳ ಹತ್ತಿರ ಹೇಳುವ ಮಾತು ಬೇಕಾದಷ್ಟು ಇರುತ್ತದೆ. ನೀವು ಮಾಡಬೇಕಾದದ್ದು ಒಂದೇ. ಬೇರು ಸಮೇತ ಕಿತ್ತ ಒಂದು ಜೋಳದ ಗಿಡವನ್ನು ಚಾಪೆಯ ಮೇಲೆ ಉದ್ದಕ್ಕೆ ಮಲಗಿಸಿ, ಸುಮ್ನೆ ಕೂತುಬಿಡಿ. ಪ್ರಶ್ನೆ ಕೇಳಬೇಡಿ. ಐದು ನಿಮಿಷದಲ್ಲಿ ಯಾರೋ ಒಬ್ಬರು ಬೇರಿನ ಮಣ್ಣು ಕೆದಕುತ್ತಾರೆ. ಇನ್ನೊಬ್ಬರು ಗಿಡದ ಪಕ್ಕ ಮಲಗುತ್ತಾರೆ. "ಅಕ್ಕೋರೇ, ಇದು ನನಗಿಂತ ದೊಡ್ದೈತ್ರಿ" ಅಂತ ಒಂದು ಮಾತು ಬರುತ್ತದೆ. ಅಲ್ಲಿಂದ ಅಳತೆಯ ಪಾಠ ತಾನಾಗಿ ಹುಟ್ಟುತ್ತದೆ. ಗಿಡ ಎಷ್ಟು ಗೇಣು? ಎಷ್ಟು ಮೊಳ? ನಿನ್ನ ಗೇಣಿಗೆ ಎಷ್ಟು, ನನ್ನ ಗೇಣಿಗೆ ಎಷ್ಟು? ಯಾಕೆ ಬೇರೆ ಬೇರೆ ಬಂತು? ಉತ್ತರ ನೀವು ಕೊಡಬೇಡಿ. ಇಬ್ಬರೂ ಕೈಗೆ ಕೈ ಹಚ್ಚಿ ನೋಡಿಕೊಂಡರೆ ಅವರಿಗೇ ತಿಳಿಯುತ್ತದೆ.

ಮೊದಲ ದಿನ ಮಕ್ಕಳು ಆಡಿದ ಮಾತನ್ನು ಅವರು ಆಡಿದ ಹಾಗೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹೆಸರು, ತಾರೀಖು ಸಮೇತ. ಇದನ್ನು ತಪ್ಪಿಸಬೇಡಿ, ಮುಂದೆ ಬೇಕಾಗುತ್ತದೆ.

ಸಾಮಾನು ಹೊಂದಿಸುವಾಗ ಎರಡು ಎಚ್ಚರಿಕೆ. ಬೀಜದ ಪ್ಯಾಕೆಟ್ಟಿನ ಕಾಳು ಎಂದೂ ತರಬೇಡಿ. ಅದಕ್ಕೆ ಔಷಧ ಸವರಿರುತ್ತಾರೆ, ಕೆಂಪಗೆ ಬಣ್ಣ ಹತ್ತಿರುತ್ತದೆ. ಊಟಕ್ಕೆ ಇಟ್ಟ ಕಾಳೇ ಸಾಕು. ಎರಡನೆಯದು, 3 ವರ್ಷದವರ ಕೈಗೆ ಬಿಡಿ ಕಾಳು ಕೊಟ್ಟು ನೀವು ಎದ್ದು ಹೋಗಬೇಡಿ. ಜೋಳದ ಕಾಳು ಮೂಗಿಗೂ ಕಿವಿಗೂ ಸಲೀಸಾಗಿ ಹೋಗುತ್ತದೆ. ಚಿಕ್ಕವರಿಗೆ ಇಡೀ ತೆನೆ, ಹಿಟ್ಟು, ಎಲೆ ಕೊಡಿ. ಕಾಳಿನ ಕೆಲಸ ದೊಡ್ಡವರಿಗೆ, ಅದೂ ನೀವೋ ಸಹಾಯಕಿಯೋ ಎದುರಿಗೆ ಕೂತಾಗ. ಉಳಿದಂತೆ ಮೊರ, ಜರಡಿ, ಸೇರು, ಪಾವು, ಒಂದು ಹಳೇ ಗೋಣಿಚೀಲ ಸಾಕು. ಕೇಳಿದರೆ ಎಲ್ಲ ಮನೆಯವರೂ ಕೊಡುತ್ತಾರೆ. ದುಡ್ಡು ಬೇಕಾಗುವುದಿಲ್ಲ.

ಹೊಲಕ್ಕೆ ಒಮ್ಮೆ ಕರೆದುಕೊಂಡು ಹೋಗಲೇಬೇಕು. ಹತ್ತಿರದ ಹೊಲ ಸಾಕು. ಹಿಂದಿನ ದಿನವೇ ಹೊಲದವರನ್ನು ಕೇಳಿ, ಅಕ್ಕಪಕ್ಕ ಔಷಧ ಹೊಡೆದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸಹಾಯಕಿಯ ಜೊತೆ ಇಬ್ಬರು ತಾಯಂದಿರು ಬಂದರೆ ನಿಶ್ಚಿಂತೆ. ಬೆಳಿಗ್ಗೆ ಹೋದರೆ ಹಕ್ಕಿಗಳೂ ಇರುತ್ತವೆ, ಹಕ್ಕಿ ಕಾಯುವವರೂ ಇರುತ್ತಾರೆ. ಡಬ್ಬಿ ಬಡಿಯುವುದು, ಕವಣೆ ಬೀಸುವುದು ನೋಡಿ ಬಂದ ಮಕ್ಕಳು ಮರುದಿನ ತಾವೇ ಆಟ ಕಟ್ಟುತ್ತಾರೆ. ಅರ್ಧ ಮಂದಿ ಗುಬ್ಬಿ, ಅರ್ಧ ಮಂದಿ ಕಾಯುವವರು. ನಾನು ಅದಕ್ಕೆ ಒಂದು ನಿಯಮ ಸೇರಿಸುತ್ತೇನೆ: ಡಬ್ಬಿಯ ಸದ್ದು ಮೆಲ್ಲಗಾದರೆ ಗುಬ್ಬಿ ಮುಂದೆ ಬರಬೇಕು, ಜೋರಾದರೆ ಹಾರಿ ಹೋಗಬೇಕು. ಕಿವಿಗೊಟ್ಟು ಕೇಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಆಟ ನನಗೆ ಗೊತ್ತಿಲ್ಲ.

ಹಸಿ ತೆನೆ ಸಿಕ್ಕಿದರೆ ಸೀತನಿ ಮಾಡಿ. ಕುಳ್ಳಿನ ಕೆಂಡದಲ್ಲಿ ತೆನೆ ಸುಡುವ ಕೆಲಸ ದೊಡ್ಡವರದು. ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಮಕ್ಕಳನ್ನು ಆಚೆ ಕೂರಿಸಿ. ಸುಟ್ಟ ತೆನೆ ಆರಿದ ಮೇಲೆ ಗೋಣಿಚೀಲದ ಮೇಲೆ ಉಜ್ಜುವುದು ಮಾತ್ರ ಮಕ್ಕಳೇ ಮಾಡಲಿ. ಹಸಿ ಕಾಳು ಒತ್ತಿದರೆ ಹಾಲು ಬರುತ್ತದೆ, ಒಣ ಕಾಳು ಒತ್ತಿದರೆ ಬೆರಳು ನೋಯುತ್ತದೆ. ಇದು ಬೆರಳಿಗೆ ಗೊತ್ತಾಗಬೇಕು, ಹೇಳಿದರೆ ಬರುವುದಿಲ್ಲ.

ಬೆರಳಿನ ಕೆಲಸವೇ ಈ ವಿಷಯದ ಜೀವ. ಹಳೇ ಒಣ ತೆನೆಯಿಂದ ಹೆಬ್ಬೆರಳಿನಲ್ಲಿ ಕಾಳು ಬಿಡಿಸುವುದು, ಬಿಳಿಜೋಳ-ಸಜ್ಜಿ-ಕಡಲೆ ಬೆರೆಸಿಟ್ಟು ಆರಿಸುವುದು, ಪಾವಿನಿಂದ ಸೇರಿಗೆ ಸುರಿಯುವುದು. ಪೆನ್ಸಿಲ್ ಹಿಡಿಯಲು ಬೇಕಾದ ಬಲ ಇಲ್ಲೇ ಬರುತ್ತದೆ. ಮೊರದಲ್ಲಿ ಕೇರುವುದು ಐದು ವರ್ಷದವರಿಗೆ ಸ್ವಲ್ಪ ಕಷ್ಟ. ಆದರೂ ಕೊಡಿ. ಚೆಲ್ಲಿದರೆ ಆರಿಸುತ್ತಾರೆ. ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ, ಯಾಕೆ ಅಂತ ಅವರೇ ಕೇಳುವವರೆಗೆ ಕಾಯಿರಿ. ಕೇಳಿದಾಗ ಅಂಗೈ ಮೇಲೆ ಎರಡನ್ನೂ ಇಟ್ಟು ಊದಿಸಿ.

ರೊಟ್ಟಿಗೆ ಒಂದು ಪೂರ್ತಿ ಬೆಳಗು ಬೇಕು. ಊರಿನ ಒಬ್ಬ ಅಜ್ಜಿಯನ್ನು ಕರೆಯಿರಿ. ಮೊದಲು ಎಲ್ಲರೂ ಕೈ ತೊಳೆಯಲಿ. ಆಮೇಲೆ ತಣ್ಣೀರಿನಲ್ಲಿ ಒಂದು ಹಿಡಿ ಹಿಟ್ಟು ಕಲಸಿ ಮಕ್ಕಳಿಗೆ ಕೊಡಿ. ಬಡಿದರೆ ಅಂಚು ಸೀಳುತ್ತದೆ. ಅಜ್ಜಿ ಬಿಸಿನೀರಲ್ಲಿ ನಾದಿದ ಹಿಟ್ಟು ಆರಿದ ಮೇಲೆ ಅದನ್ನೂ ಕೊಡಿ. ಅದು ಒಡೆಯದೆ ಹಿಗ್ಗುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಿಕೊಳ್ಳುತ್ತದೆ. ಮಕ್ಕಳಿಗೆ ಈ ವಿವರ ಬೇಡ, ನಿಮಗೆ ಗೊತ್ತಿರಲಿ. ಅವರಿಗೆ ಎರಡೂ ಹಿಟ್ಟು ಅಕ್ಕಪಕ್ಕ ಇಟ್ಟುಕೊಂಡು ಮುಟ್ಟುವುದು ಸಾಕು. ಅಜ್ಜಿಯ ಬಡಿತದ ತಾಳಕ್ಕೆ ಎಲ್ಲರೂ ಚಪ್ಪಾಳೆ ಹಾಕಲಿ. ಹಂಚಿನ ಹತ್ತಿರ ಯಾರೂ ಬೇಡ.

ರೊಟ್ಟಿ ಆದ ಮೇಲೆ ಲೆಕ್ಕ. ಒಂದು ರೊಟ್ಟಿ, ಅರ್ಧ, ಚತಕೋರ. ಈ ಮಾತುಗಳು ಮಕ್ಕಳಿಗೆ ಮನೆಯಲ್ಲೇ ಬಂದಿರುತ್ತವೆ. ನಾಲ್ಕು ಚತಕೋರ ಸೇರಿಸಿ ಮತ್ತೆ ರೊಟ್ಟಿ ಮಾಡಿಸಿ. ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಲಕ್ಷಗಟ್ಟಲೆ ರೊಟ್ಟಿ ಗವಿಮಠಕ್ಕೆ ಹೋಗುತ್ತವೆ ಅಲ್ವಾ, ನಮ್ಮ ಊರಿನ ರೊಟ್ಟಿ ಹೊರಡುವ ದಿನ ಮಕ್ಕಳು ಹತ್ತು ಹತ್ತರ ಗುಡ್ಡೆ ಎಣಿಸಿ ಕೊಡುತ್ತಾರೆ. ಎಣಿಕೆ ತಪ್ಪಿದರೆ ದೊಡ್ಡವರು ತಿದ್ದಬೇಡಿ, ಇನ್ನೊಮ್ಮೆ ಎಣಿಸಲು ಬಿಡಿ. ತಾವು ಎಣಿಸಿದ್ದು ನಿಜವಾಗಿ ಎಲ್ಲೋ ಹೋಗಿ ಯಾರೋ ಉಣ್ಣುತ್ತಾರೆ ಅನ್ನುವುದು ಅವರಿಗೆ ದೊಡ್ಡ ಸಂಗತಿ. ನನಗೂ.

ಮೊಳಕೆ ಎಲ್ಲರೂ ಮಾಡಿಸುತ್ತಾರೆ, ಹೆಚ್ಚು ಹೇಳುವುದಿಲ್ಲ. ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ. ಚಳಿಗೆ ಒಂದೆರಡು ದಿನ ತಡ ಆಗಬಹುದು. ಮೊದಲು ಬೇರು ಬರುತ್ತದೆ, ಆಮೇಲೆ ಚಿಗುರು. ಆದರೆ ಹೆಸರುಕಾಳಿನ ಮೊಳಕೆ ಹಾಗೆ ಇದನ್ನು ತಿನ್ನಿಸಬೇಡಿ. ಜೋಳದ ಎಳೆ ಸಸಿಯಲ್ಲಿ ವಿಷದ ಅಂಶ ಇರುತ್ತದೆ. ದನಗಳನ್ನು ಎಳೆ ಜೋಳದ ಹೊಲಕ್ಕೆ ಬಿಡುವುದಿಲ್ಲ, ಅದಕ್ಕೇ. ಇದನ್ನು ಮಕ್ಕಳಿಗೂ ನೇರವಾಗಿ ಹೇಳಿ.

ಒಂದು ಮಧ್ಯಾಹ್ನ ದಂಟಿನ ಬಂಡಿಗೆ ಇಡಿ. ಹಿಂದಿನ ವರ್ಷದ ಒಣ ದಂಟು, ಒಳಗಿನ ಬೆಂಡು, ಮೇಲಿನ ಸಿಪ್ಪೆಯ ಕಡ್ಡಿ. ಇಷ್ಟರಲ್ಲೇ ಆಟದ ಬಂಡಿ, ಚಾಳೀಸು (ಕನ್ನಡಕ) ಮಾಡುವ ಅಜ್ಜಂದಿರು ಇನ್ನೂ ಇದ್ದಾರೆ. ಸಿಪ್ಪೆ ಬ್ಲೇಡಿನ ಹಾಗೆ ಕೊಯ್ಯುತ್ತದೆ, ಆದ್ದರಿಂದ ಸುಲಿಯುವುದು ಅಜ್ಜ, ಬೆಂಡಿಗೆ ಕಡ್ಡಿ ಚುಚ್ಚುವುದು ಮಕ್ಕಳು.

"ಏನೂ ಬರೆಸಂಗಿಲ್ಲೇನ್ರಿ ಅಕ್ಕೋರೇ?" ಅಂತ ತಾಯಂದಿರು ಕೇಳುತ್ತಾರೆ. ಕಾನ್ವೆಂಟಿಗೆ ಹೋಗುವ ಮಕ್ಕಳು ಎಬಿಸಿಡಿ ಬರೆಯುವುದನ್ನು ಅವರು ನೋಡಿರುತ್ತಾರೆ. ಅವರ ಚಿಂತೆ ನಿಜವಾದದ್ದು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರಿಗೆ ಆಟವೇ ಕಲಿಕೆಯ ದಾರಿ ಅನ್ನುತ್ತದೆ ಅಂತ ಹೇಳಬಹುದು. ಆದರೆ ನಾನು ಆ ನೋಟುಬುಕ್ಕು ತೆಗೆದು ಓದುತ್ತೇನೆ. ಮೊದಲ ದಿನ "ಜ್ವಾಳ" ಅಂತ ಒಂದೇ ಮಾತು ಆಡಿದ ಹುಡುಗಿ ಜಾತ್ರೆ ಹೊತ್ತಿಗೆ ಏನು ಹೇಳಿದಳು ಅಂತ ಅವಳ ತಾಯಿಗೇ ಕೇಳಿಸುತ್ತೇನೆ: "ಅಜ್ಜಿ ಬಿಸಿನೀರು ಹಾಕ್ತಾಳ, ಅದಕ್ಕ ರೊಟ್ಟಿ ಹರಿಯಂಗಿಲ್ಲ." ಕಾರಣ ಹೇಳುವುದನ್ನು ಕಲಿತ ಮಗುವಿಗೆ ಅಕ್ಷರ ತಡವಾಗುವುದಿಲ್ಲ.

ಜಾತ್ರೆ ಆದ ಮೇಲೆ ಚಾರ್ಟು ಹಚ್ಚಿ. ಅದರಲ್ಲಿ ನಿಜವಾದ ಎಲೆ, ಬೇರು, ತೆನೆ ಅಂಟಿಸಿರಲಿ. ಫೆಬ್ರವರಿಯಲ್ಲಿ ರಾಶಿ ಆಗುವಾಗ ಹತ್ತಾರು ಒಣ ತೆನೆ, ಒಂದು ಕಟ್ಟು ದಂಟು ಕೇಳಿ ತಂದು, ತೆನೆಗಳನ್ನು ಒಣ ಬೇವಿನ ಎಲೆ ಹಾಕಿ ಡಬ್ಬಿಯಲ್ಲಿ ಮುಚ್ಚಿಡಿ. ಜೂನ್‌ನಲ್ಲಿ ಹೊಸ ಮಕ್ಕಳು ಬಂದಾಗ ಕಾಳು ಬಿಡಿಸುವ ಕೆಲಸಕ್ಕೆ ಅದೇ ತೆನೆ ಆಗುತ್ತದೆ.