ಒಬ್ಬ ಹುಡುಗನನ್ನಲ್ಲ, ಇಡೀ ಗುಂಪಿನ ಅಪ್ಪ-ಅಮ್ಮಂದಿರನ್ನು ಹಿಡಿಯಿರಿ

ಕೈಲ್ ಮುಹೂರ್ತ, ಹುತ್ತರಿ ಹಬ್ಬಗಳಿಗೆ ಮನೆಯಲ್ಲೇ ಬಾಟಲಿ ತೆರೆಯುವ ಕೊಡಗಿನಲ್ಲಿ ಪಿಯುಸಿ ಹುಡುಗರ ಕುಡಿತ ತಡೆಯುವುದು ಆಗದ ಮಾತು ಎಂದವರೇ ಹೆಚ್ಚು. ಆಗುತ್ತದೆ. ಗೋಣಿಕೊಪ್ಪ ಕಡೆ ನಾನು ಕೈಹಾಕಿದ ಗುಂಪುಗಳಲ್ಲಿ ಹೆಚ್ಚಿನ ಹುಡುಗರು ದಸರಾ ರಾತ್ರಿ ಕುಡಿಯದೆ ಮನೆ ಸೇರುತ್ತಿದ್ದಾರೆ.

ಜೊತೆಗೆ ಓಡಾಡುವ ಐದಾರು ಹುಡುಗರ ಪೋಷಕರನ್ನು ಒಟ್ಟಿಗೆ ಕೂರಿಸಬೇಕು. ಒಂದು ಮನೆ ಸಡಿಲವಿದ್ದರೂ ಪಾರ್ಟಿ ಅಲ್ಲಿಗೇ ಹೋಗುತ್ತದೆ. ಸಾಮಾನ್ಯವಾಗಿ ಅದು ಅಜ್ಜ ಒಬ್ಬರೇ ಇರುವ ಮನೆ, ಇಲ್ಲವೇ ಖಾಲಿ ಇರುವ ಹೋಂಸ್ಟೇ ಕೋಣೆ. ಆ ಮನೆಯವರು ಬಾರದೆ ಸಭೆ ಶುರು ಮಾಡಬೇಡಿ. ಅವರನ್ನು ಕರೆತರುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಯಾರೂ ಬರುವುದಿಲ್ಲ, ಮಳೆಗಾಲವೇ ಸರಿ.

ಭಾಷಣ ಬೇಡ. 650 ಎಂಎಲ್ ಸ್ಟ್ರಾಂಗ್ ಬಿಯರಿನ ಖಾಲಿ ಬಾಟಲಿ, ಪಕ್ಕದಲ್ಲಿ ವಿಸ್ಕಿಯ ಬದಲು ಹಾಲಿಲ್ಲದ ಟೀ ತುಂಬಿದ 30 ಎಂಎಲ್‌ನ ನಾಲ್ಕು ಪೆಗ್ ಇಡಿ. ಶೇ 8ರ ಬಿಯರಾದರೆ ಆ ಒಂದು ಬಾಟಲಿಯಲ್ಲೂ ನಾಲ್ಕು ಪೆಗ್ ವಿಸ್ಕಿಯಲ್ಲೂ ಹತ್ತಿರಹತ್ತಿರ 40 ಗ್ರಾಂ ಆಲ್ಕೋಹಾಲ್. 'ಬಿಯರ್ ತಾನೆ' ಎನ್ನುವ ಅಪ್ಪಂದಿರು ಅಲ್ಲಿಗೆ ಸುಮ್ಮನಾಗುತ್ತಾರೆ. ಹದಿನೆಂಟು ತುಂಬದವರಿಗೆ ಮದ್ಯ ಕೊಟ್ಟರೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹೋಂಸ್ಟೇ ನಡೆಸುವವರು ಇದನ್ನು ಕಿವಿಗೊಟ್ಟು ಕೇಳುತ್ತಾರೆ.

ಬೆಲ್ಟ್ ತೆಗೆಯುವ ಮನೆಯ ಹುಡುಗ ಕುಡಿತ ಬಿಡುವುದಿಲ್ಲ, ಗೆಳೆಯನ ಮನೆಯಲ್ಲಿ ಮಲಗಿ ಬರುತ್ತಾನೆ. 'ನಮ್ಮೆದುರೇ ಕುಡಿಯಲಿ' ಎಂದ ಮನೆಗಳಲ್ಲೂ ಹೊರಗಿನ ಕುಡಿತ ನಿಲ್ಲಲಿಲ್ಲ, ಮನೆಯದೂ ಅದಕ್ಕೆ ಸೇರಿತು.

ಹುಡುಗರ ಕೈಖರ್ಚಿನ ದುಡ್ಡಿನ ಲೆಕ್ಕ ಎಲ್ಲ ಮನೆಗೂ ಒಂದೇ ಇರಲಿ. ಐದು ಹುಡುಗರು ನೂರೈವತ್ತರಂತೆ ಹಾಕಿದರೆ ಅಗ್ಗದ ಫುಲ್ ಬಾಟಲಿ ಬಂತು. ಯುಪಿಐ ಲೆಕ್ಕ ನೋಡಿ ಪ್ರಯೋಜನ ಕಡಿಮೆ: ಒಬ್ಬ ಪೆಟ್ರೋಲ್ ಹಾಕಿಸುತ್ತಾನೆ, ಇನ್ನೊಬ್ಬ ವೈನ್ ಶಾಪಿಗೆ ನಗದು ಕೊಡುತ್ತಾನೆ. ನೆಂಟರು ಕೈಗಿಡುವ ಹಬ್ಬದ ದುಡ್ಡನ್ನೂ ಸೇರಿಸಿ.

ಎರಡು ಸಾವಿರದ ಆಸುಪಾಸಿನ ಊದುವ ಮೀಟರನ್ನೂ ನೋಡಿದ್ದಾಯಿತು, ದುಡ್ಡು ದಂಡ. ಮೌತ್‌ವಾಶ್ ಮುಕ್ಕಳಿಸಿದವನಿಗೂ ಕೂಗುತ್ತದೆ, ಹದಿನೈದು ನಿಮಿಷ ಬಿಟ್ಟು ಊದಿಸಬೇಕು. ಅದಕ್ಕಿಂತ ಅಮ್ಮ ಎಚ್ಚರವಿದ್ದು ಬಾಗಿಲಲ್ಲಿ ಎರಡು ಮಾತಾಡಿಸುವುದು ಮೇಲು.

ಮುಖ್ಯವಾದದ್ದು ಮಿಸ್ಡ್ ಕಾಲ್. ಹುಡುಗ ಕೊಟ್ಟ ಕೂಡಲೇ ಆ ರಾತ್ರಿಯ ಪಾಳಿಯಲ್ಲಿರುವ ಪೋಷಕರು ಅವನನ್ನು ಕರೆತರಲು ಜೀಪು ತೆಗೆಯಬೇಕು. ಆ ರಾತ್ರಿ ಪ್ರಶ್ನೆಯಿಲ್ಲ, ಬೆಳಿಗ್ಗೆ ತಿಂಡಿಯಾದ ಮೇಲೆ ಮಾತು. ದಾರಿಯಲ್ಲೇ ಬೈದರೆ ಮುಂದಿನ ಸಲ ಅವನು ಕರೆಯದೆ ಬೈಕ್ ಹತ್ತುತ್ತಾನೆ. ಮದುವೆ, ದಸರಾ ರಾತ್ರಿಗಳಿಗೆ ಕುಡಿಯದೆ ಇರುವವರ ಪಾಳಿಯನ್ನು ಮೊದಲೇ ಬರೆದಿಡಿ. ಎಬ್ಬಿಸಿದರೂ ಏಳದವನನ್ನು ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆಮಾಡಿ. ಕಾಫಿ ಕುಡಿಸಬೇಡಿ, ವಾಂತಿ ಮಾಡಿಸಬೇಡಿ.