ಕ್ಯಾಪ್ನೋಗ್ರಾಫ್ ಜೊತೆ ನಾನು ಕೆಲಸ ಮಾಡುವ ರೀತಿ

ಬೆಂಗಳೂರಿನ ಒಂದು ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ನಾನು ಅನಸ್ತೇಶಿಯಾ ಟೆಕ್ನೀಷಿಯನ್. ರೋಗಿ ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ತೋರಿಸುವ ಕ್ಯಾಪ್ನೋಗ್ರಾಫ್ ನನ್ನ ಜವಾಬ್ದಾರಿ. ಹೊಸ ಹುಡುಗರು ಕೇಳುತ್ತಾರೆ: "ಅಣ್ಣ, ಸ್ಯಾಚುರೇಶನ್ 99 ಇದೆಯಲ್ಲ, ಇದೂ ಬೇಕಾ?" ಬೇಕೇ ಬೇಕು. ಆಕ್ಸಿಜನ್ ಕೊಟ್ಟಿರುವ ರೋಗಿಯ ಉಸಿರು ನಿಂತರೂ ರಕ್ತದ ಆಕ್ಸಿಜನ್ ಮಟ್ಟ, ಅಂದರೆ ಸ್ಯಾಚುರೇಶನ್, ಅಳೆಯುವ ಬೆರಳಿನ ಪ್ರೋಬ್ ಸ್ವಲ್ಪ ಹೊತ್ತು 99 ಅಂತಲೇ ತೋರಿಸಬಹುದು. ಕ್ಯಾಪ್ನೋದಲ್ಲಿ ಹಾಗಲ್ಲ, ಪ್ರತಿ ಉಸಿರಿಗೂ ಪರದೆಯಲ್ಲಿ ಏಳುವ ಅಲೆ ಆಗಲೇ ಮಾಯ.

ನಮ್ಮಲ್ಲಿರುವುದು ಸೈಡ್‌ಸ್ಟ್ರೀಮ್ ಅನ್ನುವ ಬಗೆ. ತೆಳ್ಳಗಿನ ಲೈನ್ ಒಂದು ಉಸಿರಿನ ಗಾಳಿಯನ್ನು ಮಾನಿಟರಿಗೆ ಎಳೆದುಕೊಳ್ಳುತ್ತದೆ. ಮೊದಲ ಕೇಸಿಗೆ ಮುಂಚೆ ವಾರ್ಮ್ ಅಪ್ ಆಗಲು ಬಿಡುತ್ತೇನೆ. ಟೆಸ್ಟಿಗಂತಲೇ ಇಟ್ಟ ಲೈನಿಗೆ ಉಸಿರು ಬಿಟ್ಟು ಅಲೆ ನೋಡುತ್ತೇನೆ. ಆಮೇಲೆ ರೋಗಿಗೆ ಹೊಸ ಲೈನ್ ಹಾಕಿ, ತುದಿಯನ್ನು ಬೆರಳಿನಿಂದ ಮುಚ್ಚುತ್ತೇನೆ. ಲೈನ್ ಕಟ್ಟಿದೆ ಅಂತ ಅಲಾರಂ ಬರಬೇಕು. ಬರಲಿಲ್ಲ ಅಂದ್ರೆ ಎಲ್ಲೋ ಲೀಕ್ ಇದೆ ಅಂತ ಹುಡುಕುತ್ತೇನೆ. ಉಸಿರಿನ ನೀರು ಸೇರುವ ಪುಟ್ಟ ಡಬ್ಬಿ, ವಾಟರ್ ಟ್ರ್ಯಾಪ್, ಅರ್ಧ ತುಂಬಿದ್ದರೆ ಆಗಲೇ ಬದಲಿಸುತ್ತೇನೆ. ಲೈನಿನ ಕನೆಕ್ಟರ್ ಯಾವಾಗಲೂ ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ಸರ್ಕ್ಯೂಟಿನ (ರೋಗಿಗೆ ಉಸಿರು ಕೊಡುವ ಕೊಳವೆಗಳ) ನೀರು ಒಳಗೆ ಇಳಿಯುತ್ತದೆ.

ನಮ್ಮೂರಿನದೇ ಒಂದು ವಿಷಯ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವ ಹಾಗೆ 760 ಎಂಎಂ (ಪಾದರಸದ ಮಿಲಿಮೀಟರ್) ಅಲ್ಲ, ಸುಮಾರು 685. ಉಸಿರಿನಲ್ಲಿ 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಅಂದರೆ ಮಂಗಳೂರಿನಲ್ಲಿ 38 ಎಂಎಂ, ಇಲ್ಲಿ 34. ಅದಕ್ಕೇ ಕ್ಯಾಲಿಬ್ರೇಶನ್ ಮಾಡಲು ಬಂದವರ ಪಕ್ಕದಲ್ಲೇ ನಿಂತು, ಮಾನಿಟರ್ ಎಷ್ಟು ಒತ್ತಡ ಹಿಡಿದಿದೆ ಅಂತ ಕೇಳುತ್ತೇನೆ.

ಮಾಮೂಲಿ ಅಂಕಿ 35ರಿಂದ 45 ಎಂಎಂ. ಆದರೆ ನನ್ನ ಕಣ್ಣು ಜಾಸ್ತಿ ಇರುವುದು ಅಲೆಯ ಮೇಲೆ. ಉಸಿರಾಟದ ಟ್ಯೂಬ್ ಹಾಕಿದ ಮೇಲೆ ಅನಸ್ತೇಶಿಯಾ ಡಾಕ್ಟರ್ ಮೇಡಂ "ಬಂತಾ?" ಅಂತಾರೆ. ಒಂದೆರಡು ಅಲೆ ಕಂಡ ಕೂಡಲೇ ನಾನು ಹೂಂ ಅನ್ನುವುದಿಲ್ಲ. ಟ್ಯೂಬ್ ಅನ್ನನಾಳಕ್ಕೆ ಹೋಗಿದ್ದರೂ ಹೊಟ್ಟೆಯಿಂದ ಸಣ್ಣ ಅಲೆಗಳು ಬಂದು ಆರಿಹೋಗಬಹುದು. 7 ಉಸಿರು ಸತತವಾಗಿ, ಕುಗ್ಗದೆ ಬರಬೇಕು. ಅಲೆಯ ತಲೆ ಸಪಾಟಾಗಿರದೆ ಶಾರ್ಕ್ ರೆಕ್ಕೆಯಂತೆ ಓರೆಯಾಗಿದ್ದರೆ ಶ್ವಾಸನಾಳ ಬಿಗಿದಿರಬಹುದು, ಟ್ಯೂಬ್ ಮಡಚಿರಲೂಬಹುದು. ಉಸಿರು ಒಳಗೆ ಎಳೆಯುವಾಗ ಗೆರೆ ಸೊನ್ನೆಗೆ ಇಳಿಯದಿದ್ದರೆ ಮೊದಲು ಸರ್ಕ್ಯೂಟಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾಲೈಮ್ ನೋಡುತ್ತೇನೆ. ನಮ್ಮಲ್ಲಿ ಬಳಸುವ ಬಿಳಿ ಕಾಳು ಕೆಲಸ ಮುಗಿದ ಮೇಲೆ ನೇರಳೆಯಾಗುತ್ತದೆ. ರಾತ್ರಿಯಿಡೀ ಸುಮ್ನೆ ಬಿಟ್ಟರೆ ಮತ್ತೆ ಬಿಳಿಯಾಗುವುದೂ ಉಂಟು. ಬರೀ ಬಣ್ಣ ನಂಬಿ ಕೂರಬೇಡಿ.

ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕುವ ಲ್ಯಾಪ್ರೋಸ್ಕೋಪಿ ಆಪರೇಶನ್‌ನಲ್ಲಿ ಹೊಟ್ಟೆಗೆ ತುಂಬುವುದೇ ಕಾರ್ಬನ್ ಡೈಆಕ್ಸೈಡ್ ಅಲ್ವಾ? ಅಂಕಿ ಮೆಲ್ಲಗೆ ಏರುತ್ತದೆ. ಹೇಳಿದರೆ ಮೇಡಂ ವೆಂಟಿಲೇಟರ್ ಸರಿಹೊಂದಿಸುತ್ತಾರೆ. ದಿಢೀರನೆ ಇಳಿದರೆ ಮಾತ್ರ ತಡ ಮಾಡುವ ಹಾಗಿಲ್ಲ. ಸರ್ಕ್ಯೂಟ್ ಬಿಚ್ಚಿರಬಹುದು, ಬಿಪಿ ಕುಸಿದಿರಬಹುದು. ಅಲಾರಂ ಸೈಲೆಂಟ್ ಮಾಡುವ ಮೊದಲು ರೋಗಿಯ ಎದೆ ಏರಿಳಿಯುತ್ತಿದೆಯಾ ಅಂತ ನೋಡಿ.

ಟ್ಯೂಬ್ ಇರುವ ರೋಗಿಯನ್ನು ಐಸಿಯುಗೆ ಶಿಫ್ಟ್ ಮಾಡುವಾಗಲೂ ಕ್ಯಾಪ್ನೋ ತೆಗೆಯುವುದಿಲ್ಲ. ಸ್ಟ್ರೆಚರಿಗೆ ಎತ್ತಿ ಹಾಕುವಾಗಲೇ ಟ್ಯೂಬ್ ಜಾರುವ ಭಯ ಜಾಸ್ತಿ. ಪೋರ್ಟಬಲ್ ಮಾನಿಟರಿನಲ್ಲಿ ಅಲೆ ಬಂದ ಮೇಲೆಯೇ ಲಿಫ್ಟ್ ಕರೆಯುತ್ತೇನೆ.